ಮೊದಲ ಇಪ್ಪತ್ಮೂರು ಮಂದಿ

ಟೋರ್ಶಾವ್ನ್ ಬಂದರಿನ ಮೇಲ್ಗಡೆ, ಒಂದು ಕಾಲಕ್ಕೆ ಬಲೆ ಹೆಣೆಯುತ್ತಿದ್ದ ಅಟ್ಟದಲ್ಲಿ
ನಮ್ಮ ಕಚೇರಿ. ಹಲಗೆಗಳಿಗೆ ಇನ್ನೂ ಡಾಂಬರಿನ ಘಾಟು.
ಬ್ರಾಂದುರ್ ಬರೆದ ಯಂತ್ರಕ್ಕೆ ತೆರ್ನಾ ಅಂತ ಕಡಲಹಕ್ಕಿಯ ಹೆಸರು;
ಹೊತ್ತುಗೊತ್ತಿಲ್ಲದ ಊರಿಗೆ
ಹೊತ್ತು ಗೊತ್ತುಮಾಡಿ ಕೊಡುವುದು ಅದರ ಕೆಲಸ.
ಇಪ್ಪತ್ಮೂರು ಮಂದಿಗೆ ಕೊಟ್ಟು ನೋಡಿದೆವು, ಹದಿನೈದು ದಿನ.
ಅವರು ಅಂದದ್ದನ್ನು ಓದಿ ಪಟ್ಟಿ ಮಾಡುವವಳು ನಾನು.

ಮೀನು ಸಾಕಣೆಯ ಬಾರ್ದುರ್ ಮೊದಲು ಬರೆದ:
ಸಭೆಯೇನೋ ಸರಿಯಾಗಿ ಕೂಡಿಸುತ್ತದೆ. ಆದರೆ ನನ್ನ ಹೆಸರಲ್ಲಿ
ಇಷ್ಟೊಂದು ಧನ್ಯವಾದ ಹೇಳುತ್ತದಲ್ಲ,
ಯಜಮಾನರಿಗೆ ಮೈ ಸರಿಯಿಲ್ಲವೇ ಅಂತ ಹುಡುಗರು ಕೇಳುತ್ತಿದ್ದಾರೆ.
ಮೂರು ನಕ್ಷತ್ರ.

ಪಶುವೈದ್ಯೆ ಯೋಂಗೇರ್: ಮೇ ತಿಂಗಳು ಪೂರ್ತಿ ನನಗೆ ಬಿಡುವು ಅಂದುಕೊಂಡಿದೆ.
ಕುರಿ ಈಯುವ ಕಾಲ ಮಾರಾಯರೇ,
ಯಾವ ಕುರಿ ಮುಂಗಡ ತಿಳಿಸಿ ಈಯುತ್ತದೆ?

ಗಾಯನಮಂಡಳಿಯ ಲೆಕ್ಕ ನೋಡುವ ಹಾನುಸ್
ಮಧ್ಯಾಹ್ನ ಒಂದಕ್ಕೆ ಹನ್ನೊಂದು ನಿಮಿಷ ಮಲಗುತ್ತಾನಂತೆ.
ಅಲ್ಲಿಗೆ ಇದು ಬ್ಯಾಂಕಿನವರನ್ನು ತಂದು ಕೂರಿಸಿತು.
ಖಾಲಿ ಇದ್ದರೆ ಪುರುಸೊತ್ತು ಅಂತ
ಯಾರು ಹೇಳಿಕೊಟ್ಟರು ಇದಕ್ಕೆ?

ನೋಲ್ಸೊಯ್ ದೋಣಿಯ ಟಿಕೆಟ್ಟಿನವನ ದೂರು ಉದ್ದ.
ಮಂಜು ಕವಿದು ದೋಣಿ ನಿಂತಾಗಲೆಲ್ಲ ಭೇಟಿ ಮುಂದೂಡಿತು,
ನಾಲ್ಕು ಸಲ, ನಾಲ್ಕು ಸಲವೂ ಕ್ಷಮೆ ಕೇಳಿ.
ಕೊನೆಗೆ ಇಬ್ಬರೂ ಬಂದರಿನ ಕಟ್ಟೆಯ ಮೇಲೆ
ಒಂದೇ ದೋಣಿಗೆ ಕಾಯುತ್ತ ಸಿಕ್ಕೆವು;
ಐದು ನಿಮಿಷದಲ್ಲಿ ಮಾತು ಮುಗಿಯಿತು.
ಮಂಜಿಗೆ ಎಷ್ಟು ನಕ್ಷತ್ರ ಕೊಡಬಹುದು?

ಇಲ್ಲಿಯವರು ಯಾವುದಕ್ಕೂ "ನೋಡೋಣ" ಅನ್ನುತ್ತಾರೆ.
ಗಾಳಿಗೆ ಹೆದರಿ ಕಲಿತ ಮಾತು; ಆಮೇಲೆ
ಮದುವೆಗೂ ಸಾಲಕ್ಕೂ ಅದೇ ಸಾಕಾಯಿತು.
ತೆರ್ನಾ ಅದನ್ನು "ಆಗಲಿ" ಎಂದು ಓದುತ್ತದೆ.
ಹದಿನಾಲ್ಕು ದೂರು ಬರೀ ಇದರ ಮೇಲೆ.

ಹತ್ತೊಂಬತ್ತನೆಯವಳು ಸುನ್ವಾ, ನೂಲಿನಂಗಡಿ.
ನಕ್ಷತ್ರದ ಜಾಗ ಖಾಲಿ.
ತೆರ್ನಾ ಅವಳ ಹೆಸರುಗಳ ಪಟ್ಟಿಯನ್ನೆಲ್ಲ ಜಾಲಾಡಿ ಕೇಳಿತ್ತು:
ಮಾರ್ಜುನ್ ಅವರನ್ನು ಕಂಡು ಬಹಳ ದಿನವಾಯಿತು, ಭೇಟಿ ಇಡಲೇ?
ಮಾರ್ಜುನ್ ಅವಳ ಅಕ್ಕ. ದೋಣಿಮನೆಯ ಬೀಗದ ಕೈಗಾಗಿ
ಏಳು ವರ್ಷದಿಂದ ಮಾತಿಲ್ಲ. ಇರುವುದು ಎರಡು ಬೀದಿ ಆಚೆ.
ಸುನ್ವಾ ಬರೆದದ್ದು, ನೋಡೋಣ.
ನಮ್ಮ ಇಪ್ಪತ್ಮೂರರಲ್ಲಿ ಮಾರ್ಜುನ್ ಕೂಡ ಒಬ್ಬಳು.
ಅವಳೂ ಬರೆದದ್ದು, ನೋಡೋಣ.
ಎರಡೂ ಕಡೆಯ ತೆರ್ನಾ ರೆಪ್ಪೆ ಬಡಿಯುವುದರೊಳಗೆ ಒಪ್ಪಿಕೊಂಡು
ಮಂಗಳವಾರ ನಾಲ್ಕಕ್ಕೆ, ಅರ್ಧ ಗಂಟೆ, ಎಂದು ನಮೂದಿಸಿದವು.
ಸುನ್ವಾ ಕೇಳಿದ್ದು ಇಷ್ಟೇ:
ಇದನ್ನು ಅಳಿಸುವುದು ಎಲ್ಲಿ?

ಅಳಿಸುವ ಗುಂಡಿ ಎಡಗಡೆ, ಮೇಲೆ. ಹೇಳಬಹುದಿತ್ತು.
ಉತ್ತರವನ್ನು ನಾನು ಬುಧವಾರಕ್ಕೆ ಇಟ್ಟೆ.

ಬುಧವಾರ ನಾನು ಬರುವಷ್ಟರಲ್ಲಿ ಅವಳದು ಇನ್ನೊಂದು ಬಂದಿತ್ತು:
ನಾಲ್ಕೂವರೆಗೆ ಟಣ್ ಎಂದಿತು.
ಅಭ್ಯಾಸಬಲ, ಇಬ್ಬರೂ ಎದ್ದುಬಿಟ್ಟೆವು.
ಅವಳು ಆಗಷ್ಟೇ ಕೋಟು ಬಿಚ್ಚಿದ್ದಳು.
ಆ ಸದ್ದು ತೆಗೆಯಲಿಕ್ಕೆ ಆಗುತ್ತದೆಯೇ?

ಮಾರ್ಜುನ್ ಏನೂ ಬರೆದಿರಲಿಲ್ಲ. ನಾಲ್ಕು ನಕ್ಷತ್ರ.

ಬ್ರಾಂದುರ್ ಓದಿ ಅಂದ, ಇದು ತಪ್ಪಲ್ಲ,
ಹೇಳಿದ ಹಾಗೇ ಕೆಲಸ ಮಾಡಿದೆ.
ಎಷ್ಟು ತುರ್ತು ಅಂತ ಹಾಕಲಿ?
ಕಿಟಕಿಯಾಚೆ ನೋಲ್ಸೊಯ್ ಇರಲಿಲ್ಲ, ಬರೀ ಬಿಳುಪು.
ಎಲ್ಲಕ್ಕಿಂತ ಮೊದಲು, ಅಂದೆ.
ನೋಡೋಣ, ಅಂದ.
ಕುರ್ಚಿ ಎಳೆದುಕೊಂಡು ಅವನ ಪಕ್ಕ ಕೂತೆ.