ಹಗೇವಿನೊಳಗಿನ ಬಾಟ್ಲಿ

ಕೋಟುಮಚಗಿಯ ನಮ್ಮ ಓಣಿಗೆ ಸಿಮೆಂಟು ಬರುವ ವಾರ
ಹಗೇವಿನ ಬಾಯಿಗಲ್ಲು ಸರಿಸಿದರು.
ಮೊದಲು ಕಂದೀಲು ಇಳಿಬಿಟ್ಟ ಮಕ್ತುಂಸಾಬ.
ಅರ್ಧಕ್ಕೇ ಆರಿತು.
"ಒಳಗ ಇನ್ನೂ ಹಳೇ ಗಾಳಿ ಐತಿ, ತಡೀರಿ."

ತಡೆದೆವು, ಒಂದು ಚಹಾದಷ್ಟು ಹೊತ್ತು.
ಎರಡನೇ ಸಲ ದೀಪ ತಳ ಮುಟ್ಟಿಯೂ ಉರಿಯಿತು.
ಮೇಲೆ ಬಂದದ್ದು ಒಂದು ಬೊಗಸೆ ಮುಗ್ಗಿದ ಜೋಳ,
ಕಿಲುಬು ಹಿಡಿದ ಕೊಳಗ,
ಮತ್ತೆ ಗೋಣಿತಾಟು ಸುತ್ತಿದ ನನ್ನ ಬಾಟ್ಲಿ.

ಮರೆತೇ ಬಿಟ್ಟಿದ್ದೆ ಅಂದರೆ ಸುಳ್ಳು.

ಧಾರವಾಡದ ಮಣ್ಣು ಪರೀಕ್ಷೆಯ ಕೋಣೆಯಲ್ಲಿ
ನಾನಿನ್ನೂ ಪಿಪೆಟ್ಟು ತೊಳೆಯುತ್ತಿದ್ದ ಕಾಲ.
ಎರಿ ಹೊಲದ ಬಿರುಕು ಅಳೆಯಲು ಬಂದಿದ್ದ ಎತಿಯೆನ್,
ಬೋರ್ಡೋ ಸೀಮೆಯವ.
ಬಿರುಕಿನೊಳಗೆ ಮೊಳಕೈತನಕ ಕೈ ಇಳಿಸಿ
ಗಬ್ಬದ ಆಕಳು ನೋಡುವ ಡಾಕ್ಟರನ ಹಾಗೆ ಕಣ್ಣು ಮುಚ್ಚುತ್ತಿದ್ದ.
ಅವರೂರ ಹೊಲ ಬರೀ ಹರಳಂತೆ,
ಹೊಳೆ ಎಂದೋ ತಂದು ಸುರಿದ ಗುಂಡುಗಲ್ಲು.
"ಹಂಗಾರ ದ್ರಾಕ್ಷಿ ಯಾಕ ಹಚ್ಚತೀರಿ?"
"ಮತ್ತೇನೂ ಬೆಳಿಯೂದಿಲ್ಲಂತ ಹಚ್ಚತೀವಿ" ಅಂದಿದ್ದ,
ಇಲ್ಲೇ ಕಲಿತ ಕನ್ನಡದಲ್ಲಿ.

ಮರುವರ್ಷ ಕಟ್ಟಿಗೆ ಪೆಟ್ಟಿಗೆಯಲ್ಲಿ ಇದು ಬಂತು, ಚೀಟಿಯ ಸಮೇತ:
ಎಂಬತ್ತಾರರ ಸುಗ್ಗಿ. ಅವಸರ ಬೇಡ. ಕತ್ತಲಲ್ಲಿ ಮಲಗಿಸು.

ಲಿಂಗ ಕಟ್ಟಿದ ಮನೆಯಲ್ಲಿ ಇದಕ್ಕೆಲ್ಲಿಯ ಕತ್ತಲು?
ಚಿಗವ್ವ ನೀಲಗಂಗವ್ವ ಮುಚ್ಚಿದ ಬೂಚನ್ನೇ ಮೂಸಿ,
"ಔಷಧ ಅಂದಿ. ಔಷಧನ ಅಂತೀನಿ" ಅಂದು
ತಾನೇ ಗೋಣಿ ಸುತ್ತಿ
ಜೋಳದ ಜತೆ ನೆಲಕ್ಕಿಳಿಸಿದಳು.
ಕೆಳಗೆ ಅದು ಮಲಗಿಯೇ ಇತ್ತು,
ನಮ್ಮ ನೆಲದುಸಿರನ್ನು ಬೂಚಿನ ಸಂದಿಯಿಂದ
ವರ್ಷಕ್ಕೊಂದು ಗುಟುಕು ಕುಡಿಯುತ್ತ.

ಬೂಚು ಹಳೇ ಬೆಲ್ಲದಂತೆ ಉದುರಿತು.
ಅರಿವೆಯಲ್ಲಿ ಸೋಸಿ ಬೀಕರಿಗೆ ಸುರಿದೆ.
ನಡುವೆ ಇಟ್ಟಂಗಿ ಕೆಂಪು, ಅಂಚಿನಲ್ಲಿ
ನೂರು ಸಲ ಹಳ್ಳಕ್ಕೆ ಹೋಗಿ ಬಂದ
ಬೆಟಗೇರಿ ಸೀರೆಯ ದಡಿ.

ಮೊದಲ ಗುಟುಕಿಗೆ ಏನೂ ಇಲ್ಲ. ಸತ್ತಿದೆ ಅಂದುಕೊಂಡೆ.
ಕಂದೀಲು ನೆನಪಾಯಿತು.
ತಡೆದೆ.

ಆಮೇಲೆ ಬಂತು. ಮೆಟ್ಟು ಹೊಲಿಯುವವರ ಅಂಗಳದ
ನೆನೆದ ತೊಗಲು. ಆಗತಾನೆ ಹೆರೆದ ಪೆನ್ಸಿಲ್ಲು.
ನೇರಳೆ ಬೀಜ ಕಚ್ಚಿದಾಗಿನ ಒಗರು
ನಾಲಿಗೆಯ ಬದಿ ಹಿಡಿದು ಕೂತೇ ಬಿಟ್ಟಿತು.
ಸಿಹಿ ಎಲ್ಲೂ ಇಲ್ಲ, ಆದರೂ
ಬ್ಯಾಡಗಿ ಮೆಣಸಿನಕಾಯಿ ತೊಟ್ಟು ಮುರಿದಾಗ
ಖಾರಕ್ಕೂ ಮೊದಲು ಬರುತ್ತದಲ್ಲ, ಅದು.

ಮಕ್ತುಂಸಾಬ ಕುಡಿಯುವವನಲ್ಲ.
"ಮೂಸಿದರ ಪಾಪ ಇಲ್ಲೇಳು" ಅಂತ ತನಗೆ ತಾನೇ ಹೇಳಿಕೊಂಡು
ಬೀಕರಿನ ಮೇಲೆ ಮೂಗು ಬಾಗಿಸಿದ,
ಬಾವಿ ತೋಡುವ ಮುಂಚೆ ಹೆಂಟೆ ಒಡೆದು ಮೂಸುವ ಮೂಗು.
ಬಹಳ ಹೊತ್ತು ಮಾತಿಲ್ಲ.

"ಎರಿ ಅಲ್ಲ. ಕಪ್ಪತಗುಡ್ಡದ ಮಸಾರಿನೂ ಅಲ್ಲ.
ಗರಸು. ಹಿಂದಕ ಹೊಳಿ ಇತ್ತು, ಸರದು ಹೋಗೈತಿ.
ಬೇರು ಅದನ್ನ ಹುಡುಕೂತ ಬಾಳ ಕೆಳಗ ಇಳದೈತ್ರಿ, ಅಕ್ಕಾರ.
ಸಿಕ್ಕಿಲ್ಲ."

ಸಾವಿರಾರು ಹೊಲದ ಮಣ್ಣಿಗೆ
ಸಾರಜನಕ ಇಷ್ಟು, ರಂಜಕ ಇಷ್ಟು ಎಂದು ಬರೆದವಳು ನಾನು.
ನಮ್ಮ ಫಾರಮಿನಲ್ಲಿ
ಸಿಕ್ಕಿಲ್ಲ ಎಂಬ ಕಲಮೇ ಇರಲಿಲ್ಲ.

"ಕೊನೀಗೆ ಒಂಚೂರು ನಮ್ಮ ಜ್ವಾಳನೂ ಬರತೈತಿ ನೋಡ್ರಿ."
ನೋಡಿದೆ. ಬಂತೋ, ಅವನು ಅಂದದ್ದಕ್ಕೆ ಬಂತೋ.

ಮಧ್ಯಾಹ್ನ ಟಿಪ್ಪರ್ ಬಂತು,
ಹಗೇವು ಮುಚ್ಚಲು ಗರಸು ಹೇರಿಕೊಂಡು.
ಮಕ್ತುಂಸಾಬ ಒಂದು ಹರಳು ಎತ್ತಿ, ಮೂಸಿ,
ಏನೂ ಅನ್ನದೆ ಒಳಗೆ ಒಗೆದ.

ತಳ ಮುಟ್ಟುವ ಸದ್ದಿಗೆ ಇಬ್ಬರೂ ಕಿವಿಗೊಟ್ಟು ನಿಂತೆವು.