ಕೆರಿದಂಡಿ ಸೂಟಿ

ಆಗಸ್ಟ್ ಹದಿನೈದರ ಗದ್ದಲ ಮುಗಿದು ಎರಡನೇ ಐತವಾರ
ಬೆಂಗೇರಿ ಶೆಡ್ಡಿನ ಹೊಲಿಗಿ ಮಷಿನ್ನಿಗೆ ಜಾಡ ಹೊದಿಸಿ
ನಾವು ಮೂರೂ ಮಂದಿ ಗದಗಿಗೆ ಹೋಗೂದು.
ಫಕೀರವ್ವ, ಜೈತುನಬಿ, ನಾನು.
ಹದಿಮೂರು ವರ್ಷ ಆತು, ಒಂದ ಸಲ ತಪ್ಪಿಲ್ಲ.
ತಪ್ಪಿದ್ದು ಎರಡ ಸಲ,
ಅದನ್ನ ಆಮ್ಯಾಲೆ ಹೇಳ್ತೀನಿ.

ಹುಬ್ಬಳ್ಳಿ ಟೇಶನ್ನಾಗ ಪ್ಯಾಸೆಂಜರ್ ನಿಂತಿರತೈತಿ,
ತೊಳದು ಬೋರಲ ಹಾಕಿದ ಪಾತ್ರಿ ಹಂಗ ಖಾಲಿ.
ಖಿಡಕಿ ಸಲುವಾಗಿ ಜಗಳಿಲ್ಲ:
ಅಣ್ಣಿಗೇರಿ ತನಕ ಅಕಿದು, ಹುಲಕೋಟಿ ತನಕ ಇಕಿದು,
ಉಳದದ್ದು ನಂದು.
ಉಳಿಯೂದು ಎಷ್ಟರ ಐತಿ?
ಆದ್ರ ಕಪ್ಪತಗುಡ್ಡದ ಗಾಳಿ
ಮೊದಲ ಬಡಿಯೂದು ನನ್ನ ಮಾರಿಗೆ.

ಎರಿ ಹೊಲದಾಗ ಹೆಸರು ಬಿಡಸ್ತಿರ್ತಾರ.
ಒಬ್ಬಾಕಿ ಬೆನ್ನ ನೆಟ್ಟಗ ಮಾಡಿ ರೈಲಿಗೆ ಕೈ ಬೀಸ್ತಾಳ.
"ಹ್ವಾದ ವರ್ಷದಾಕೀನ ಅಕಿ" ಅಂತಾಳ ಜೈತುನಬಿ,
ಪ್ರತಿ ವರ್ಷ.
ಹೂಂ ಅಂತೀವಿ. ಯಾರಿಗ್ಗೊತ್ತು.

ಕೆರಿ ಅಂದ್ರ ಏನು, ಕೆರಿ.
ಬಣ್ಣ ಸುಲದ ಕಟಾಂಜನ,
ಮೂಲಿಗೆ ಒಗದ ಬಾಳಿಹಣ್ಣಿನ ಸಿಪ್ಪಿ,
ಸಿಮೆಂಟಿನ ಬಾಕು, ಮೂರನೇದು ನಮ್ದು.
ಅದರದೊಂದು ತುದಿ ಮುರದೈತಿ,
ಅದಕ್ಕ ಬ್ಯಾರೆ ಯಾರೂ ಕೂಡ್ರೂದಿಲ್ಲ.
ಮುರದ ತುದಿಗೆ ಫಕೀರವ್ವ ಕೂಡ್ರತಾಳ, ಅಕಿ ಹಗರ.

ರೊಟ್ಟಿ ಕಟಗೊಂಡು ಹೋಗಿರ್ತೀವಿ, ಶೇಂಗಾ ಹಿಂಡಿ, ಮೊಸರು.
ಬಿಚ್ಚೂದಿಲ್ಲ.
ರಸ್ತೆದಾಚಿ ಬದನಿಕಾಯಿ ಬಜಿ ಎಣ್ಣಿಗೆ ಬೀಳೂ ಸಪ್ಪಳ ಕೇಳಿದ ಮ್ಯಾಲೆ
ಮನಿ ರೊಟ್ಟಿ ಯಾರು ಬಿಚ್ಚತಾರ?
ಪೇಪರಿನ ಎಣ್ಣಿಯೊಳಗ ಯಾರದೋ ಲಗ್ನದ ಜಾಹೀರಾತು
ಆರಪಾರ ಕಾಣತೈತಿ.
ತುಟಿ ಸುಟಗೋತೀವಿ, ಬೈತೀವಿ, ಮತ್ತೊಂದು ತಗೋತೀವಿ.

ಆಮ್ಯಾಲೆ ದೋಣಿ. ಬಾತುಕೋಳಿ ದೋಣಿ,
ಕುತಿಗಿಗೆ ತಗಡಿನ ತೇಪಿ.
ತುಳಿಯಾಕ ಬರತೈತೇನ್ರಿ ಅಕ್ಕಾರ? ಅಂತ ಹುಡುಗ ಕೇಳ್ತಾನ.
ಇಪ್ಪತ್ತು ವರ್ಷ ಪೆಡಲ್ ತುಳದ ಕಾಲು, ತಮ್ಮಾ.
ದಂಡಿಗುಂಟ ನೆಟ್ಟಗ ಒಂದು ಹೊಲಿಗಿ ಹೊಡದು
ತಿರಗಿ ನೋಡಿದ್ರ
ನೀರಿನ ಮ್ಯಾಲೆ ಗೆರಿ, ಆಗಲೇ ಬಿಚ್ಚಾಕತ್ತಿರತೈತಿ.
ಸೊಟ್ಟ ಆದ್ರೂ ಅಳತಿ ಹಿಡಿಯವರಿಲ್ಲ,
ಹೊಳ್ಳಿ ಹೊಲಿ ಅನ್ನವರಿಲ್ಲ.

ನಾವು ಹೊಲದ ಬಾವುಟ ಹಾರೂದನ್ನ ನಾವು ನೋಡಿಲ್ಲ ಖರೇನ,
ಮಡಚಿ, ಎಣಿಸಿ, ಗಂಟು ಕಟ್ಟಿ ಕೊಡ್ತೀವಿ.
ನಡುಗೆರಿಯಾಗ ಜೈತುನಬಿಯ ಓಢಣಿ ಕೈ ಬಿಟ್ಟು ಎದ್ದಾಗ
ಮೂರೂ ಮಂದಿ ತುಳಿಯೂದು ಬಿಟ್ಟು
ಅದನ್ನ ನೋಡ್ತೀವಿ.

ತಪ್ಪಿದ್ದು ಹೇಳತೀನಿ ಅಂದಿದ್ನೆಲ್ಲ.
ಒಂದು, ಜೈತುನಬಿಯ ಕಣ್ಣಿನ ಆಪರೇಶನ್.
ಇನ್ನೊಂದು, ಕಾರವಾರ. ಶೆಡ್ಡಿನವರೆಲ್ಲ ಕೂಡಿ ಬಸ್ ಮಾಡಿದ್ರು.
ಸಮುದ್ರ ಚಂದ ಇತ್ತು, ಇಲ್ಲ ಅನ್ನೂದಿಲ್ಲ.
ಆದ್ರ ಮಾತು ಮುಗಸಗೊಡಲಿಲ್ಲ.
ಫಕೀರವ್ವ ತನ್ನ ಮೊದಲನೇ ಗಂಡನ ಸುದ್ದಿ ತೆಗದಿದ್ಲು,
ಎಂದೂ ತೆಗದಾಕಿ ಅಲ್ಲ.
ಅರ್ಧಕ್ಕ ಬಂದಿದ್ಲು,
ಒಂದು ತೆರಿ ಬಂದು ಕಾಲಾಗಿನ ಉಸುಕು ಎಳಕೊಂಡು ಹೋತು.
ಎಲ್ಲಾರೂ ಕಿರಿಚಿ ನಕ್ಕರು. ಅಕಿಯೂ ನಕ್ಕಳು.
ಮುಂದ ಹೇಳಲಿಲ್ಲ.

ಮರುವರ್ಷ, ಈ ಮುರದ ತುದಿಗೆ ಕುಂತು,
ಬಜಿ ತಣ್ಣಗಾಗೂ ತನಕ
ಪೂರಾ ಹೇಳಿದ್ಲು.
ಕೆರಿ ಅಲುಗಲಿಲ್ಲ.
ಒಂದು ಬೆಳ್ಳಕ್ಕಿ ಮಾತ್ರ ಕಾಲು ಬದಲ ಮಾಡ್ತು.

ಈ ಸಲ ಜೈತುನಬಿ ಗುಡ್ಡದ ಗಾಳಿಪಂಕಾ ಎಣಿಸಿದ್ಲು, ಹೊಸಾ ಕಣ್ಣಿಲೆ.
ಹದಿನಾಲ್ಕು ಅಂದ್ಲು.
ಇಷ್ಟು ವರ್ಷ ನಾವು ಹನ್ನೊಂದಂತ ಹೇಳಿ ಹೇಳಿ
ಅಕಿಯನ್ನ ಒಪ್ಪಿಸಿದ್ವಿ.
ನಾನು ಮತ್ತ ಎಣಿಸಿದೆ. ನನಗ ಹತ್ತ ಕಂಡುವು.
ಹೇಳಲಿಲ್ಲ.

ಸಂಜಿ ಗಾಡಿಗೆ ಅಣ್ಣಿಗೇರಿ ಬರೂದ್ರಾಗ ಸೀರಿ ಅಂಚು ಒಣಗಿತ್ತು.
ಬಿಚ್ಚದ ರೊಟ್ಟಿ ಎದುರಿಗಿನ ಹುಡುಗರಿಗೆ ಕೊಟ್ವಿ.
ಸೋಮವಾರ ಜಾಡ ತೆಗದು ಪೆಡಲ್ ಮ್ಯಾಲೆ ಕಾಲಿಟ್ಟೆ,
ಅರಬಿ ಸರಿಯೂದು ಬಿಟ್ಟು ನಾನ ಸರದಂಗಾತು,
ಕುರ್ಚಿ ಸೈತ, ಮೆತ್ತಗ, ದಂಡಿಗುಂಟ.
"ಏ, ಕತ್ತರಿ ಎಲ್ಲಿಟ್ಟಿ?" ಅಂದ್ಲು ಜೈತುನಬಿ.