ಭಟ್ಟಿ ನಿಂತ ಮೂರು ರಾತ್ರಿ

ವಾಡಿ ಜಂಕ್ಷನ್ನಿನ ರೈಲ್ವೆ ಕ್ವಾರ್ಟರ್ಸಿನ ಮಾಳಿಗೆ ಮೇಲೆ
ಶಹಾಬಾದ್ ಕಲ್ಲಿನ ಎರಡು ಚಪ್ಪಡಿ ಹಾಕಿ
ದೂರದರ್ಶಕ ನಿಲ್ಲಿಸಿದ್ದೇನೆ.
ಆರಿಂಚಿನ ಕನ್ನಡಿ, ಹೈದರಾಬಾದಿನಲ್ಲಿ ಯಾರೋ ಬೇಸತ್ತು ಮಾರಿದ್ದು.
ಸಮತೂಕಕ್ಕೆ ಹಳೇ ಬ್ರೇಕ್‌ಬ್ಲಾಕಿನ ತುಂಡು.
ಗುಜರಿಯಲ್ಲಿ ಕೊಂಡದ್ದು, ರಸೀದಿ ಇದೆ.

ಹಗಲೆಲ್ಲ ಕೌಂಟರಿನ ಕಿಂಡಿಯಲ್ಲಿ ಕೈಗಳನ್ನು ನೋಡುತ್ತೇನೆ:
ರಾಯಚೂರಿಗೆ ಎರಡು, ಸೊಲ್ಲಾಪುರಕ್ಕೆ ಒಂದೂವರೆ.
ರಾತ್ರಿ ಇನ್ನೊಂದು ಕಿಂಡಿ. ಇಲ್ಲಿ
ಯಾರೂ ಚಿಲ್ಲರೆ ಕೇಳುವುದಿಲ್ಲ.

ಧ್ರುವ ನಮಗೆ ಹದಿನೇಳೇ ಡಿಗ್ರಿ ಎತ್ತರ,
ಸರಿಯಾಗಿ ಸಿಮೆಂಟ್ ಕಾರ್ಖಾನೆಯ ಗೋಪುರದ ಹಿಂದೆ.
ಅದಕ್ಕೇ ಅಂದಾಜಿನ ಉತ್ತರ ಹಿಡಿದು
ತಿರುಪು ತಿರುಗಿಸಿ, ಕೆಡಿಸಿ, ಮತ್ತೆ ತಿರುಗಿಸುತ್ತೇನೆ.
ಸರಿಹೋಯಿತು ಅನ್ನುವಷ್ಟರಲ್ಲಿ ಕಲ್ಲಿದ್ದಲ ಮಾಲುಗಾಡಿ.
ಐವತ್ತೆಂಟು ಡಬ್ಬಿ. ಮಾಳಿಗೆ ನಡುಗಿ
ಚುಕ್ಕಿಗಳೆಲ್ಲ ಒಂದೇ ದಿಕ್ಕಿಗೆ
ಅಕ್ಕಿಕಾಳಿನಂತೆ ಉದ್ದವಾಗುತ್ತವೆ.
ಮೂವತ್ತು ಸೆಕೆಂಡಿನ ಚಿತ್ರ ಹೋಯಿತು.
ಗಾಡಿ ಗಾಡಿಗಳ ನಡುವೆ ಆಕಾಶ ಎಷ್ಟು ಉಳಿಯುತ್ತದೆಂದು
ನನಗೀಗ ಬಾಯಿಪಾಠ.

ಮಿರಗ ಅಂದರೆ ಊರಿಗೆ ಮಳೆ, ತೊಗರಿ ಬಿತ್ತನೆ.
ಪುಷ್ಯದ ಚಳಿಯಲ್ಲಿ ಅದು ನೆತ್ತಿಯ ಮೇಲೆ ನಿಂತಿದ್ದರೂ
ತಲೆ ಎತ್ತುವವರಿಲ್ಲ.
ನನಗೆ ಬೇಕಾದದ್ದು ಅದರ ಕೆಳಗೆ,
ಕತ್ತಿಯಂತೆ ತೂಗುವ ಮೂರು ಚುಕ್ಕಿಗಳಲ್ಲಿ ನಡುವಿನದು,
ತುಸು ಮಸುಕು,
ಒರೆಸಿದರೂ ಹೋಗದ ಕಲೆ.

ನಾಲ್ಕು ಚಳಿಗಾಲ ಅದು ಬೂದಿಯ ಹಾಗೇ ಬಂತು.
ದೂಳು. ಕನ್ನಡಿಯ ಮೇಲೆ, ಹಗ್ಗದ ಅರಿವೆಯ ಮೇಲೆ, ತಟ್ಟಿದ ರೊಟ್ಟಿಯ ಮೇಲೆ,
ಗಾಳಿಯಲ್ಲಿ ದೀಪದ ಹಳದಿ ಹಿಡಿದು ನಿಂತ ದೂಳು.

ಈ ವರ್ಷ ದುರಸ್ತಿಗೆಂದು ಭಟ್ಟಿ ಆರಿಸಿದರು.
ಸದ್ದು ನಿಂತದ್ದು ಮೊದಲು ಗೊತ್ತಾದದ್ದು ನಾಯಿಗಳಿಗೆ.
ಎರಡನೇ ರಾತ್ರಿ ಗೋಪುರದ ದೀಪವೂ ಇಲ್ಲ.
ಮೂರನೆಯದಕ್ಕೆ ಮರುದಿನದ ರಜೆ ಬರೆದೆ,
ಕಾರಣ: ಹೊಟ್ಟೆನೋವು.

ನಸುಕಿಗೆ, ಮುಚ್ಚಳ ಹಾಕಿ
ಬರೀ ಕತ್ತಲೆಯ ಇಪ್ಪತ್ತು ಚಿತ್ರ ತೆಗೆಯುತ್ತಿದ್ದಾಗ
ನೀರಿಗೆದ್ದ ಮಾಪಮ್ಮ ಕೆಳಗಿನಿಂದ ಕೇಳಿದಳು:
"ಮುಚ್ಚಿಟ್ಟು ಏನ್ ತೆಗೀತೀರಿ ಅಕ್ಕೋರೆ?"
ಕ್ಯಾಮೆರಾದ್ದೇ ಒಂದು ಸುಳ್ಳು ಬೆಳಕು ಇರ್ತದ,
ಅದನ್ನ ಆಮ್ಯಾಗ ಕಳೀಬೇಕು, ಅಂದೆ.
"ಹಂಗಾದ್ರ ನಮ್ಮನಿಯವ್ರದೂ ಒಂದು ತೆಗೀರಿ."
ಅವಳ ನಗೆಯ ಹಿಂದೆ ಕೊಡ ತುಂಬಿ ಚೆಲ್ಲಿತು.

ನೂರಾ ನಲವತ್ತು ಚಿತ್ರ,
ಕಡಕ್ ರೊಟ್ಟಿಯಂತೆ ಒಂದರ ಮೇಲೊಂದು ಪೇರಿಸಿದೆ.
ಬಂತು.
ಬಾಡಿದ ದಾಸವಾಳದ ಕೆಂಪು, ಅಂಚಿಗೆ ಸುಟ್ಟ ತಾಮ್ರದ ನೀಲಿ,
ಹೊಟ್ಟೆಯೊಳಗೆ ನಾಲ್ಕು ಎಳೆಯ ಚುಕ್ಕಿ.
ಖುಷಿಗೆ, ಇದ್ದವಳು ಒಬ್ಬಳೇ, ಎರಡು ಕಪ್ಪು ಚಹಾ ಮಾಡಿದೆ.

ಎರಡನೇ ಕಪ್ಪು ಸಾಯಬಣ್ಣ ಕುಡಿದ.
ಮಾಪಮ್ಮನ ಗಂಡ, ಪ್ಯಾಕಿಂಗ್ ಶೆಡ್ಡಿನವನು.
ಹಾಜರಿಗಷ್ಟೇ ಕೂಲಿ; ಭಟ್ಟಿ ನಿಂತರೆ ಹಾಜರಿಯೂ ನಿಂತಿತು.
ನನ್ನ ಮೂರು ರಾತ್ರಿ ಅವನ ಯಾವ ಮೂರು ದಿನ ಎಂದು
ಆಗ ಲೆಕ್ಕ ಹತ್ತಿತು. ಹೇಳಲಿಲ್ಲ.
ಅವನು ಲ್ಯಾಪ್‌ಟಾಪಿನ ಮುಂದೆ ಬಹಳ ಹೊತ್ತು ಕೂತ.

"ಏನ್ರಿ ಇದು, ಹೊಗಿ?"
ದೂಳು, ಅನಿಲ.
"ದೂಳಾ?" ಮುಂಗೈ ತಿರುಗಿಸಿ ನೋಡಿಕೊಂಡ;
ಮೂರು ದಿನ ತೊಳೆದರೂ
ಗೆರೆಗಳಲ್ಲಿ ಬೂದು ಬಣ್ಣ ಇತ್ತು.
ಒಳಗ ಹೊಸ ಚುಕ್ಕಿ ತಯಾರಾಗ್ತಾವ, ಅಂದೆ.
"ಅಂದ್ರ ಅಲ್ಲಿ ಭಟ್ಟಿ ಚಾಲೂ ಅದ."
ಬಟ್ಟಲು ಕೆಳಗಿಟ್ಟ.
"ಹಾಜರಿ ಯಾರ್ ಹಿಡೀತಾರ?"

ನಾಲ್ಕನೇ ನಸುಕಿಗೆ ಗೋಪುರ ಗುಂಯ್ ಅಂದಿತು.
ಡಬ್ಬಿ ಹಿಡಿದು ಸಾಯಬಣ್ಣ ಗೇಟಿನ ಕಡೆ, ಸ್ವಲ್ಪ ಓಡುತ್ತಲೇ.
ನಾನು ಕನ್ನಡಿಗೆ ಮುಚ್ಚಳ ಹಾಕಿದೆ.
ಧ್ರುವ ಆ ಹೊಗೆಯ ಹಿಂದೆ
ಇದ್ದಲ್ಲೇ ಇದ್ದಿರಬೇಕು.
ಎಂಟಕ್ಕೆ ಕಿಂಡಿ ತೆರೆಯಬೇಕು.